ಇಲ್ಲದ ಕೈಯ ನೋವು: ಡಾಕ್ಟರ್ ವಿಯರ್ ಮಿಚೆಲ್ಲನ ಜೀವನ

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ತಾನು ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಎಳೆಯ ಶಿಲ್ಪಿಯೊಬ್ಬನು ತೋರಿಸಿಕೊಟ್ಟಾಗ ಜಕಣಾಚಾರಿಯು ಆಡಿದ ಮಾತಿಗೆ ತಪ್ಪದೆ ತನ್ನ ಬಲಗೈಯನ್ನು ತಾನೇ ಕಡಿದುಕೊಂಡನಂತೆ. ಆ ಎಳೆಯನೇ ತನ್ನ ಮಗ ಡಂಕಣನೆಂಬುದು ಬಳಿಕ ತಿಳಿಯಿತಂತೆ. ಹುಟ್ಟೂರಾದ ಕ್ರೀಡಾಪುರಕ್ಕೆ ಬಂದು ಕೇಶವನ ಗುಡಿಯನ್ನು ಕಟ್ಟಿ ಮುಗಿಸಿದಾಗ ಹೋದ ಕೈ ಮರಳಿ ಬಂದಿತೆಂದೂ, ಅಂದಿನಿಂದ ಆ ಊರಿಗೆ ಕೈದಾಳವೆಂಬ ಹೆಸರಾಯಿತೆಂದೂ ಜನ ಹೇಳುತ್ತಾರೆ. ಇತಿಹಾಸಕಾರರು ಈ ಕಥೆಯನ್ನು ಒಪ್ಪುವುದಿಲ್ಲ. ಒಪ್ಪದಿದ್ದರೂ ಕಥೆಗೇನೂ ಕುಂದಿಲ್ಲ. ಆದರೆ ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನನಗೊಂದು ಪ್ರಶ್ನೆ ಎದುರಾಗುತ್ತದೆ. ಬೇಲೂರಿಗೂ ಕೈದಾಳಕ್ಕೂ ನಡುವಣ ಆ ದಿನಗಳಲ್ಲಿ ಜಕಣನ ಇಲ್ಲದ ಕೈ ಹೇಗಿದ್ದಿತು? ನಡುರಾತ್ರಿಯಲ್ಲಿ ಆ ಬೆರಳುಗಳು ಉಳಿಯನ್ನು ಹಿಡಿಯುತ್ತಿದ್ದವೇ? ಹಿಡಿದು ನೋಯುತ್ತಿದ್ದವೇ?

ಈ ಪ್ರಶ್ನೆಯನ್ನು ನನ್ನ ತಲೆಯಲ್ಲಿ ಬಿತ್ತಿದವರು ಕೊಣ್ಣೂರಿನ ನಮ್ಮ ಓಣಿಯ ಹಿರಿಯರೊಬ್ಬರು. ಗೋಕಾಕ ಜಲಪಾತದ ಗಿರಣಿಯ ಭೋಂಗಾ ಕೇಳಿ ಹೊತ್ತು ಎಣಿಸುತ್ತಿದ್ದ ಕಾಲದವರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಬಹು ವರ್ಷಗಳ ಹಿಂದೆ ಕಬ್ಬಿನ ಗಾಣಕ್ಕೆ ಅವರ ಬಲಗೈ ಸಿಕ್ಕಿತು, ಮೊಣಕೈಯವರೆಗೆ ತೆಗೆಯಬೇಕಾಯಿತು. ಗಾಯ ಮಾಯಿತು, ಕೈ ಮಾತ್ರ ಹೋಗಲಿಲ್ಲ. ಅದು ಮುಷ್ಟಿ ಬಿಗಿದು ಕುಳಿತಿದೆಯೆಂದು ಅವರು ಹೇಳುವರು. ಉಗುರುಗಳು ಅಂಗೈಯೊಳಗೆ ಇಳಿಯುತ್ತವೆಯಂತೆ. ಮಳೆ ಬರುವ ಮುನ್ನ ಉರಿಯುತ್ತದೆಯಂತೆ. ಹೂಳುವಾಗ ಕೈಯನ್ನು ನೆಟ್ಟಗೆ ಇಡಲಿಲ್ಲವೆಂದು ಕಾಕೂ ಹಲವು ಕಾಲ ಹಲುಬಿದರು. ದೆವ್ವದ ಕಾಟವೆಂದರು ಕೆಲವರು. ತಲೆ ಕೆಟ್ಟಿದೆಯೆಂದರು ಇನ್ನು ಕೆಲವರು. ಕಾಕಾ ಕ್ರಮೇಣ ಹೇಳುವುದನ್ನೇ ಬಿಟ್ಟರು. ನೋವಿಗಿಂತ ಹೆಚ್ಚಾಗಿ ಆ ಮೌನವೇ ಅವರನ್ನು ಹಣ್ಣು ಮಾಡಿತೆಂದು ನನಗೆ ತೋರುತ್ತದೆ.

ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಇಂಥ ಮೌನಿಗಳ ಹಾಸಿಗೆಯ ಬಳಿ ಕುಳಿತು, ಅವರು ಹೇಳಿದುದನ್ನು ಒಂದಕ್ಷರ ಬಿಡದೆ ಬರೆದುಕೊಂಡು, ಆ ಬೇನೆಗೆ ಮೊದಲ ಬಾರಿಗೆ ಹೆಸರಿಟ್ಟವನು ಅಮೆರಿಕದ ವೈದ್ಯ ಸೈಲಸ್ ವಿಯರ್ ಮಿಚೆಲ್. ವೈದ್ಯನಾಗಿದ್ದಂತೆಯೇ ಆತ ಕವಿಯೂ ಕಾದಂಬರಿಕಾರನೂ ಆಗಿದ್ದನು. ಸಾಹಿತ್ಯದ ವಿದ್ಯಾರ್ಥಿಗಳು ಆತನ ಬಾಳನ್ನು ತಿಳಿಯಬೇಕಾದುದಕ್ಕೆ ಇದೊಂದೇ ಕಾರಣವಲ್ಲ. ಮತ್ತೊಂದು ಕಾರಣವು ಮುಂದೆ ತಾನಾಗಿ ವ್ಯಕ್ತವಾಗುವುದು.

*

ಮಿಚೆಲ್ ಹುಟ್ಟಿದ್ದು 1829ರ ಫೆಬ್ರವರಿ 15ರಂದು, ಫಿಲಡೆಲ್ಫಿಯಾ ನಗರದಲ್ಲಿ. ತಂದೆ ಜಾನ್ ಕಿಯರ್ಸ್ಲಿ ಮಿಚೆಲ್ ಆ ನಗರದ ಹೆಸರಾಂತ ವೈದ್ಯ, ಜೆಫರ್ಸನ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ. ಬಿಡುವಿನಲ್ಲಿ ಕವಿತೆ ಬರೆದು ಅಚ್ಚು ಹಾಕಿಸಿದವನು. ಹೀಗೆ ಔಷಧದ ಬಾಟಲಿಯೂ ಮಸಿಯ ಕುಡಿಕೆಯೂ ಒಂದೇ ಮೇಜಿನ ಮೇಲಿದ್ದ ಮನೆಯಲ್ಲಿ ಹುಡುಗ ಬೆಳೆದನು. ಓದಿನಲ್ಲಿ ಅಂಥ ಚುರುಕೇನೂ ಇರಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವ್ಯಾಸಂಗವನ್ನು ಅನಾರೋಗ್ಯದ ನಿಮಿತ್ತ ಕೊನೆಯ ವರ್ಷದಲ್ಲಿ ಬಿಡಬೇಕಾಯಿತು. ಬಳಿಕ ತಂದೆಯ ಕಾಲೇಜನ್ನೇ ಸೇರಿ 1850ರಲ್ಲಿ ವೈದ್ಯ ಪದವಿಯನ್ನು ಪಡೆದನು.

ಆ ಕಾಲದ ಅಮೆರಿಕದ ತರುಣ ವೈದ್ಯರಿಗೆ ಪ್ಯಾರಿಸ್ ನಗರವೇ ಕಾಶಿ. ಮಿಚೆಲ್ಲನೂ ಅಲ್ಲಿಗೆ ಹೋಗಿ ಒಂದು ವರ್ಷ ಇದ್ದನು. ಶರೀರಶಾಸ್ತ್ರದ ಮಹಾಗುರು ಕ್ಲೋದ್ ಬರ್ನಾರನ ಉಪನ್ಯಾಸಗಳನ್ನು ಕೇಳಿದನು. ಒಂದು ದಿನ ಶಿಷ್ಯನು ಯಾವುದೋ ವಿಷಯವನ್ನು ಕುರಿತು ಹೀಗಿರಬಹುದೆಂದು ತನ್ನ ಊಹೆಯನ್ನು ಹೇಳಿದಾಗ ಗುರುವು ಅವನನ್ನು ತಡೆದನಂತೆ. ಪ್ರಯೋಗ ಮಾಡಿ ನೋಡಲು ಬರುವಾಗ ಊಹೆಯೇಕೆ, ಮೊದಲು ಪ್ರಯೋಗಗಳೆಲ್ಲ ಮುಗಿಯಲಿ, ಅನಂತರ ಯೋಚಿಸು ಎಂಬುದು ಆ ಬೋಧೆಯ ತಾತ್ಪರ್ಯ. ಮಿಚೆಲ್ ಈ ಮಾತನ್ನು ಮುಪ್ಪಿನವರೆಗೂ ಮರೆಯಲಿಲ್ಲ.

ಮರಳಿ ಬಂದವನು ತಂದೆಯ ಜೊತೆ ವೃತ್ತಿಯಲ್ಲಿ ತೊಡಗಿದನು. ಹಗಲೆಲ್ಲ ರೋಗಿಗಳು, ಸಂಜೆ ಪ್ರಯೋಗಶಾಲೆ. ಅಲ್ಲಿ ಅವನ ಸಂಗಾತಿಗಳು ಗಿಲಕೆ ಹಾವುಗಳು. ಬಾಲದ ತುದಿಯಲ್ಲಿ ಗಿಲಕೆಯಾಡಿಸಿ ಎಚ್ಚರಿಕೆ ಕೊಡುವ ಆ ಘೋರ ಸರ್ಪಗಳ ವಿಷವನ್ನು ಕುರಿತು 1860ರಲ್ಲಿ ಆತ ಪ್ರಕಟಿಸಿದ ಪ್ರಬಂಧವು ಆ ಕ್ಷೇತ್ರದ ಆದ್ಯ ಗ್ರಂಥಗಳಲ್ಲೊಂದು. ಮುಂದೆ 1886ರಲ್ಲಿ ಎಡ್ವರ್ಡ್ ರೈಕರ್ಟನೊಡನೆ ಸೇರಿ ಬರೆದ ಇನ್ನೊಂದು ಗ್ರಂಥವು, ಹಾವಿನ ವಿಷದಲ್ಲಿ ಮಾರಕವಾದ ಅಂಶವು ಪ್ರೋಟೀನ್ ಜಾತಿಯದೆಂದು ತೋರಿಸಿಕೊಟ್ಟಿತು. ಇಷ್ಟಾದರೂ ಶರೀರಶಾಸ್ತ್ರದ ಪ್ರಾಧ್ಯಾಪಕ ಪೀಠವು ಆತನಿಗೆ ದಕ್ಕಲಿಲ್ಲ. ಎರಡು ಬಾರಿ ಯತ್ನಿಸಿ ಎರಡು ಬಾರಿಯೂ ಸೋತನು.

1858ರಲ್ಲಿ ಮೇರಿ ಎಲ್ವಿನ್ ಎಂಬಾಕೆಯೊಡನೆ ವಿವಾಹವಾಯಿತು. ಇಬ್ಬರು ಗಂಡುಮಕ್ಕಳಾದರು. ನಾಲ್ಕೇ ವರ್ಷಗಳ ಮೇಲೆ, 1862ರಲ್ಲಿ, ಗಂಟಲಮಾರಿ ರೋಗವು ಆಕೆಯನ್ನು ಒಯ್ದಿತು. ಎರಡು ಎಳೆಯ ಮಕ್ಕಳು, ಬರಿದಾದ ಮನೆ, ಹೊರಗೆ ದೇಶವನ್ನೇ ಎರಡಾಗಿ ಸೀಳಿದ ಅಂತರ್ಯುದ್ಧ: ಇವುಗಳ ನಡುವೆ ಮೂವತ್ತಮೂರರ ವೈದ್ಯನು ನಿಂತಿದ್ದನು. ದುಃಖವನ್ನು ದುಡಿಮೆಯಲ್ಲಿ ಕರಗಿಸುವುದೊಂದೇ ಆತನಿಗೆ ಉಳಿದ ದಾರಿಯಾಯಿತು.

*

1861ರಿಂದ 1865ರವರೆಗೆ ನಡೆದ ಆ ಯುದ್ಧದಲ್ಲಿ ಬಳಕೆಯಾದ ಹೊಸ ಬಗೆಯ ಗುಂಡೊಂದಿತ್ತು. ಮೆತುವಾದ ಸೀಸದ, ಮೊನೆಯಾದ ಆ ಗುಂಡು ಮೈಗೆ ತಾಗಿದರೆ ಚಪ್ಪಟೆಯಾಗಿ ಎಲುಬನ್ನು ನುಚ್ಚುನೂರು ಮಾಡುತ್ತಿತ್ತು. ನಂಜು ಏರದಂತೆ ಕಾಯುವ ವಿಧಾನಗಳು ಆಗಿನ್ನೂ ವೈದ್ಯರಿಗೆ ತಿಳಿದಿರಲಿಲ್ಲ. ಆದುದರಿಂದ ಜೀವ ಉಳಿಸಲು ಕೈಕಾಲು ಕತ್ತರಿಸುವುದೊಂದೇ ಉಪಾಯ. ಎರಡೂ ಪಕ್ಷಗಳಲ್ಲಿ ಸೇರಿ ಅಂಥ ಶಸ್ತ್ರಕ್ರಿಯೆಗಳು ಸುಮಾರು 60,000 ನಡೆದುವೆಂದು ಅಂದಾಜು. ಬದುಕಿ ಉಳಿದವರು ಊರುಗೋಲನ್ನೂರಿ ಮನೆಗೆ ಮರಳಿದರು. ಜೊತೆಯಲ್ಲಿ ಯಾರಿಗೂ ಕಾಣದ ಒಂದು ಹೊರೆಯನ್ನು ಕೊಂಡೊಯ್ದರು.

ಸೇನೆಯ ಮುಖ್ಯ ವೈದ್ಯಾಧಿಕಾರಿ ವಿಲಿಯಂ ಹ್ಯಾಮಂಡ್ ಮಿಚೆಲ್ಲನ ಮಿತ್ರ. ನರಗಳಿಗೆ ಪೆಟ್ಟಾದ ಸೈನಿಕರಿಗಾಗಿಯೇ ಒಂದು ಪ್ರತ್ಯೇಕ ಆಸ್ಪತ್ರೆ ಬೇಕೆಂಬ ಮಿಚೆಲ್ಲನ ಕೋರಿಕೆಯನ್ನು ಆತ ಮನ್ನಿಸಿದನು. ಫಿಲಡೆಲ್ಫಿಯಾದ ಟರ್ನರ್ಸ್ ಲೇನ್ ಎಂಬಲ್ಲಿ 400 ಹಾಸಿಗೆಗಳ ಆಸ್ಪತ್ರೆ ಏರ್ಪಟ್ಟಿತು. 1863ರ ಜುಲೈಯಲ್ಲಿ ನಡೆದ ಗೆಟಿಸ್ಬರ್ಗ್ ಕದನದ ಗಾಯಾಳುಗಳು ಅಲ್ಲಿ ತುಂಬಿದರು. ಜಾರ್ಜ್ ಮೋರ್‌ಹೌಸ್, ತರುಣ ವಿಲಿಯಂ ಕೀನ್ ಎಂಬಿಬ್ಬರು ಸಹವೈದ್ಯರೊಡನೆ ಮಿಚೆಲ್ ಹಗಲು ಇರುಳೆನ್ನದೆ ದುಡಿದನು. ರೋಗಿಯ ಮಾತು, ನೋವಿನ ಬಗೆ, ಚರ್ಮದ ಬಣ್ಣ, ಸ್ನಾಯುವಿನ ನಡುಕ, ಒಂದನ್ನೂ ಬಿಡದೆ ಪುಸ್ತಕಗಳಲ್ಲಿ ತುಂಬಿದರು. ಆ ಟಿಪ್ಪಣಿಗಳ ಫಲವಾಗಿ ಗುಂಡೇಟಿನಿಂದ ನರಗಳಿಗಾಗುವ ಹಾನಿಯನ್ನು ಕುರಿತು ಮೂವರೂ ಕೂಡಿ ಬರೆದ ಗ್ರಂಥವು 1864ರಲ್ಲಿ ಹೊರಬಂದಿತು.

ಆ ಆಸ್ಪತ್ರೆಯಲ್ಲಿ ಕೆಲವು ರೋಗಿಗಳದು ಉರಿಯ ನೋವು. ಕೈಯನ್ನು ಬೆಂಕಿಯಲ್ಲಿ ಹಿಡಿದಂತೆ ಅವರು ಒದ್ದಾಡುತ್ತಿದ್ದರು. ಒದ್ದೆ ಬಟ್ಟೆಯನ್ನು ಕ್ಷಣವೂ ಬಿಡುತ್ತಿರಲಿಲ್ಲ. ನೀರಿನ ಸೀಸೆಯನ್ನು ಕೈಯಲ್ಲಿ ಹಿಡಿದೇ ತಿರುಗುತ್ತಿದ್ದರು. ಬೂಟಿನೊಳಗೆ ನೀರು ಹೊಯ್ದುಕೊಂಡು ನಡೆಯುವವರೂ ಇದ್ದರು. ಪಕ್ಕದವನು ವೃತ್ತಪತ್ರಿಕೆಯ ಹಾಳೆ ಮಗುಚಿದ ಸದ್ದಿಗೂ ಅವರ ನೋವು ಕೆರಳುತ್ತಿತ್ತು. ಇಂಥವರನ್ನು ಹೇಡಿಗಳೆಂದೂ ಸೋಗುಗಾರರೂ ಎಂದೂ ಹಳಿಯುವುದು ಸುಲಭವಾಗಿತ್ತು. ಮಿಚೆಲ್ ಹಳಿಯಲಿಲ್ಲ. ಸೋಗು ಹಾಕುವವರನ್ನು ಪತ್ತೆ ಮಾಡುವ ವಿದ್ಯೆಯಲ್ಲಿಯೂ ಆತ ನಿಪುಣನೇ; ಆ ಬಗ್ಗೆಯೂ ಬರೆದಿದ್ದನು. ಆದುದರಿಂದಲೇ ನಿಜವಾದ ನೋವನ್ನು ನಿಜವೆಂದು ಹೇಳುವ ಅಧಿಕಾರವು ಆತನಿಗಿತ್ತು. ಈ ಬೇನೆಗೆ ಉರಿ ಮತ್ತು ನೋವು ಎಂಬರ್ಥದ ಗ್ರೀಕ್ ಪದಗಳನ್ನು ಕೂಡಿಸಿ ಕಾಸಾಲ್ಜಿಯಾ ಎಂಬ ಹೆಸರನ್ನು ಬಳಕೆಗೆ ತಂದನು.

*

ಇದಕ್ಕಿಂತ ವಿಚಿತ್ರವಾದುದು ಅಂಗಹೀನರ ಅನುಭವ. ಕಾಲಿಲ್ಲದವನು ರಾತ್ರಿ ಎದ್ದು ಇಲ್ಲದ ಕಾಲನ್ನು ನೆಲಕ್ಕೂರಿ ಬೀಳುವನು. ಬಲಗೈ ಹೋದವನು ಊಟಕ್ಕೆ ಕುಳಿತಾಗಲೆಲ್ಲ ಆ ಕೈಯಿಂದಲೇ ಫೋರ್ಕನ್ನು ಎತ್ತಲು ಹೋಗಿ, ಸೋತು, ಹೊಟ್ಟೆ ತೊಳಸಿ ಏಳುವನು. ಕದನದಲ್ಲಿ ತೋಳನ್ನು ಕಳೆದುಕೊಂಡ ಒಬ್ಬ ವೀರನು ಕುದುರೆಯ ಮೇಲಿದ್ದಾಗ ಲಗಾಮನ್ನು ಇಲ್ಲದ ಕೈಗೆ ಕೊಟ್ಟು, ಇದ್ದ ಕೈಯಿಂದ ಕುದುರೆಯನ್ನು ಹೊಡೆದು, ನೆಲಕ್ಕುರುಳಿದನು. ಹಲವರಿಗೆ ಹೋದ ಕೈ ಮುಷ್ಟಿ ಬಿಗಿದಂತಿತ್ತು. ಬೆರಳುಗಳನ್ನು ಬಿಡಿಸಲು ಎಷ್ಟು ಯತ್ನಿಸಿದರೂ ಅವು ಬಿಚ್ಚುತ್ತಿರಲಿಲ್ಲ. ಕೆಲವರಿಗೆ ದಿನ ಕಳೆದಂತೆ ಆ ಅಂಗವು ಕುಗ್ಗುತ್ತ ಬಂದು, ಅಂಗೈಯೇ ಮೋಟುದೋಳಿಗೆ ಅಂಟಿಕೊಂಡಂತೆ ತೋರುತ್ತಿತ್ತು. ಗಾಳಿಯ ದಿಕ್ಕು ಬದಲಾದರೆ ನೋವು ಏಳುತ್ತಿತ್ತು. ಮಿಚೆಲ್ ವಿಚಾರಿಸಿದ 90 ಮಂದಿಯಲ್ಲಿ 86 ಮಂದಿಗೆ ಒಂದಿಲ್ಲೊಂದು ಬಗೆಯಲ್ಲಿ ಈ ಅನುಭವವಿತ್ತು.

ಇದು ಆತನೇ ಮೊದಲು ಕಂಡುದಲ್ಲ. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಇದನ್ನು ಬಣ್ಣಿಸಿದ್ದನು. 1797ರಲ್ಲಿ ಬಲದೋಳನ್ನು ಕಳೆದುಕೊಂಡ ಇಂಗ್ಲೆಂಡಿನ ನೌಕಾನಾಯಕ ನೆಲ್ಸನ್, ಇಲ್ಲದ ತೋಳಿನ ಅರಿವನ್ನು ಆತ್ಮವಿರುವುದಕ್ಕೆ ಸಾಕ್ಷಿಯಾಗಿ ಕಂಡನೆಂಬ ಪ್ರತೀತಿಯೂ ಇದೆ. ಆದರೆ ನೂರು ಜನರ ಮಾತನ್ನು ಕೂಡಿಸಿ, ತೂಗಿ, ಇದು ಹುಚ್ಚಲ್ಲ, ಕನಸಲ್ಲ, ಸಾಮಾನ್ಯವಾಗಿ ಎಲ್ಲ ಅಂಗಹೀನರಿಗೂ ಆಗುವಂಥದು ಎಂದು ನಿಂತು ಹೇಳಿದವನು ಮಿಚೆಲ್.

ವಿಶೇಷವೆಂದರೆ ಆತ ಇದನ್ನು ಮೊದಲು ಹೇಳಿದ್ದು ಶಾಸ್ತ್ರಗ್ರಂಥದಲ್ಲಲ್ಲ, ಒಂದು ಸಣ್ಣಕಥೆಯಲ್ಲಿ. 1866ರ ಜುಲೈ ತಿಂಗಳ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ಜಾರ್ಜ್ ಡೆಡ್ಲೋ ಎಂಬವನ ವೃತ್ತಾಂತವು ಲೇಖಕನ ಹೆಸರಿಲ್ಲದೆ ಪ್ರಕಟವಾಯಿತು. ಯುದ್ಧದಲ್ಲಿ ಎರಡು ಕೈಗಳನ್ನೂ ಎರಡು ಕಾಲುಗಳನ್ನೂ ಕಳೆದುಕೊಂಡ ವೈದ್ಯನೊಬ್ಬನು ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಅಂಗಗಳು ಹೋದಂತೆಲ್ಲ ತಾನು ತಾನೆಂಬ ಅರಿವೇ ತನಗೆ ಕುಂದುತ್ತಿದೆಯೆಂದು ಅವನಿಗೆ ಅನಿಸುತ್ತದೆ. ಕೊನೆಗೆ ಪ್ರೇತಗಳನ್ನು ಕರೆಯುವವರ ಸಭೆಯೊಂದರಲ್ಲಿ ಸೇನೆಯ ವೈದ್ಯಕೀಯ ಸಂಗ್ರಹಾಲಯದಲ್ಲಿ ಮದ್ಯಸಾರದೊಳಗೆ ಇಟ್ಟಿದ್ದ ಅವನ ಕಾಲುಗಳೇ ಬಂದು ಕೂಡಿಕೊಳ್ಳುತ್ತವೆ; ಆ ಮದ್ಯದ ಅಮಲಿನಲ್ಲಿ ತೂರಾಡುತ್ತ ಅವನು ನಾಲ್ಕು ಹೆಜ್ಜೆ ನಡೆದು ಕುಸಿಯುತ್ತಾನೆ. ನಗೆಯೂ ಕರುಣೆಯೂ ಹೆಣೆದುಕೊಂಡ ಈ ಕಥೆಯನ್ನು ಓದುಗರು ನಿಜವೆಂದೇ ನಂಬಿದರು. ಕಥೆಯಲ್ಲಿ ಬರುವ ಆಸ್ಪತ್ರೆಗೆ ಡೆಡ್ಲೋವಿನ ಸಹಾಯಾರ್ಥ ಹಣ ಕಳುಹಿಸಿದವರೂ ಉಂಟು. ಇಲ್ಲದ ಅಂಗದ ನೋವನ್ನು ನಂಬದ ಲೋಕವು ಇಲ್ಲದ ಮನುಷ್ಯನ ನೋವಿಗೆ ಹಣ ಕಳುಹಿಸಿತು! ಕಥೆಗಿರುವ ಶಕ್ತಿಗೆ ಇದಕ್ಕಿಂತ ಹೆಚ್ಚಿನ ನಿದರ್ಶನವೇಕೆ?

ಐದು ವರ್ಷಗಳ ಬಳಿಕ, 1871ರಲ್ಲಿ, ಮಿಚೆಲ್ ಇದೇ ವಿಷಯವನ್ನು ಕುರಿತು ಸಾಮಾನ್ಯ ಓದುಗರಿಗಾಗಿ ಒಂದು ಲೇಖನವನ್ನು ಬರೆದನು. ಅದರಲ್ಲಿಯೇ ಫ್ಯಾಂಟಮ್ ಲಿಂಬ್ ಎಂಬ ಹೆಸರನ್ನು ಕೊಟ್ಟನು. ಇದನ್ನು ಕನ್ನಡದಲ್ಲಿ ಏನೆನ್ನೋಣ? ಮಾಯಾಂಗವೆನ್ನಬಹುದು, ಛಾಯಾಂಗವೆನ್ನಬಹುದು. ನನಗೆ ಮಾತ್ರ ಭೂತಾಂಗವೆಂಬ ಮಾತೇ ಒಪ್ಪುತ್ತದೆ. ಭೂತವೆಂದರೆ ದೆವ್ವವೆಂಬ ಅರ್ಥವೂ ಉಂಟು, ಆಗಿಹೋದುದು ಎಂಬ ಅರ್ಥವೂ ಉಂಟು. ಭೂತಕಾಲದ ಅಂಗವೊಂದನ್ನು ಮೆದುಳು ವರ್ತಮಾನದಲ್ಲಿಯೇ ನಡೆಯಿಸುತ್ತಿರುವುದು ಈ ಬೇನೆಯ ತಿರುಳಾದುದರಿಂದ, ನಮ್ಮ ವೈಯಾಕರಣರ ಮಾತು ಇಲ್ಲಿ ವೈದ್ಯರಿಗೂ ಸಲ್ಲುತ್ತದೆ.

1872ರಲ್ಲಿ ಬಂದ ನರಗಳ ಗಾಯಗಳನ್ನು ಕುರಿತ ದೊಡ್ಡ ಗ್ರಂಥದಲ್ಲಿ ಮಿಚೆಲ್ ತನ್ನದೊಂದು ಪ್ರಯೋಗವನ್ನು ಹೇಳಿದ್ದಾನೆ. ಭುಜದವರೆಗೆ ತೋಳನ್ನು ತೆಗೆಸಿಕೊಂಡ ಒಬ್ಬನಿಗೆ ಎರಡು ವರ್ಷಗಳಿಂದ ಆ ಕೈಯ ಅರಿವೇ ಅಳಿದುಹೋಗಿತ್ತು. ಏನಾಗಬಹುದೆಂದು ಅವನಿಗೆ ಮುಂಚಿತವಾಗಿ ತಿಳಿಸದೆ ಮಿಚೆಲ್ ಆತನ ಭುಜದ ನರಗಳಿಗೆ ವಿದ್ಯುತ್ತನ್ನು ಹಾಯಿಸಿದನು. ತತ್‌ಕ್ಷಣವೇ ಆ ಮನುಷ್ಯನು ಕೈ ಬಂದಿತೆಂದು ಕೂಗಿ, ಬರಿಯ ಗಾಳಿಯಲ್ಲಿ ಅದನ್ನು ಹಿಡಿಯಲು ಹವಣಿಸಿದನು. ವಿದ್ಯುತ್ತನ್ನು ನಿಲ್ಲಿಸಿದೊಡನೆ ಕೈ ಮಾಯವಾಯಿತು. ಆ ಕ್ಷಣದಲ್ಲಿ ವೈದ್ಯನಿಗೂ ರೋಗಿಗೂ ಆದ ದಿಗ್ಭ್ರಮೆಯನ್ನು ಊಹಿಸಬಹುದು. ಇಲ್ಲದ ಅಂಗವನ್ನು ವಿದ್ಯುತ್ತಿನಿಂದ ಕರೆಯಬಹುದು, ಕಳುಹಿಸಲೂಬಹುದು ಎಂಬುದಕ್ಕೆ ಇದು ನಾಂದಿಯಾಯಿತು.

*

ಇಷ್ಟಕ್ಕೇ ಮಿಚೆಲ್ಲನ ಚರಿತ್ರೆಯನ್ನು ನಿಲ್ಲಿಸಿದರೆ ಅದು ಬರಿಯ ಸ್ತುತಿಯಾದೀತು. ಸತ್ಯವು ಇನ್ನೂ ಸ್ವಲ್ಪ ಮುಂದೆ ಹೋಗಬೇಕೆನ್ನುತ್ತದೆ.

ಯುದ್ಧ ಮುಗಿದ ಬಳಿಕ ಆತ ನರರೋಗಗಳ ವೈದ್ಯನಾಗಿ ದೇಶವಿದೇಶಗಳಲ್ಲಿ ಪ್ರಸಿದ್ಧನಾದನು. 1875ರಲ್ಲಿ ಮೇರಿ ಕ್ಯಾಡ್‌ವಾಲಡರ್ ಎಂಬಾಕೆಯನ್ನು ಮದುವೆಯಾದನು. ಬಳಲಿ ಬೆಂಡಾಗಿ ಬರುತ್ತಿದ್ದ ಸ್ತ್ರೀಯರಿಗೆ ಆತ ರೂಪಿಸಿದ ಚಿಕಿತ್ಸೆಗೆ ವಿಶ್ರಾಂತಿ ಚಿಕಿತ್ಸೆಯೆಂದು ಹೆಸರು. 1877ರಲ್ಲಿ ಅದನ್ನು ಕುರಿತು ಗ್ರಂಥವನ್ನೂ ಬರೆದನು. ಆರೆಂಟು ವಾರ ಹಾಸಿಗೆ ಬಿಟ್ಟೇಳಬಾರದು, ಬಂಧುಗಳನ್ನು ನೋಡಬಾರದು, ಹಾಲು ಮೊದಲಾದ ಪುಷ್ಟಿಕರ ಆಹಾರವನ್ನು ಧಾರಾಳವಾಗಿ ಸೇವಿಸಬೇಕು, ಮೈಯನ್ನು ನೀವಿಸಿಕೊಳ್ಳಬೇಕು, ಸ್ನಾಯುಗಳಿಗೆ ವಿದ್ಯುತ್ತನ್ನು ಹಾಯಿಸಬೇಕು, ಓದು ಬರೆಹಗಳು ಕೂಡದು. ಕೆಲವರಿಗೆ ಇದರಿಂದ ಗುಣವಾಯಿತು. ಕೆಲವರಿಗೆ ಇದೇ ಸೆರೆಮನೆಯಾಯಿತು.

1887ರಲ್ಲಿ ಆತನ ಬಳಿಗೆ ಬಂದವರಲ್ಲಿ ತರುಣ ಲೇಖಕಿಯೊಬ್ಬಳಿದ್ದಳು. ಮುಂದೆ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಎಂಬ ಹೆಸರಿನಿಂದ ಪ್ರಸಿದ್ಧಳಾದವಳು ಇವಳೇ. ಹೆರಿಗೆಯ ಬಳಿಕ ಗಾಢವಾದ ವಿಷಣ್ಣತೆಯಲ್ಲಿ ಮುಳುಗಿದ್ದ ಆಕೆಗೆ ಮಿಚೆಲ್ ವಿಶ್ರಾಂತಿ ಚಿಕಿತ್ಸೆಯನ್ನು ನಡೆಸಿ, ಮನೆವಾರ್ತೆಯಲ್ಲಿ ಮನಸ್ಸಿಟ್ಟಿರಬೇಕೆಂದೂ ಬಾಳಿನುದ್ದಕ್ಕೂ ಲೇಖನಿಯನ್ನು ಮುಟ್ಟಬಾರದೆಂದೂ ವಿಧಿಸಿ ಕಳುಹಿಸಿದನು. ಆಕೆ ಆ ವಿಧಿಯನ್ನು ಪಾಲಿಸಿ ಹುಚ್ಚಿನ ಅಂಚಿಗೆ ಹೋದಳು. ಅದನ್ನು ಮುರಿದು ಬದುಕಿಕೊಂಡಳು. ಆ ಅನುಭವದಿಂದ ಮೂಡಿದ ಕಥೆ, ಹಳದಿ ಗೋಡೆಕಾಗದವನ್ನು ಕುರಿತದ್ದು, 1892ರಲ್ಲಿ ಪ್ರಕಟವಾಗಿ ಇಂದಿಗೂ ಜಗತ್ತಿನ ತರಗತಿಗಳಲ್ಲಿ ಪಾಠವಾಗುತ್ತಿದೆ. ಕಥೆಯಲ್ಲಿ ಮಿಚೆಲ್ಲನ ಹೆಸರೂ ಒಂದೆಡೆ ಬರುತ್ತದೆ.

ಇಲ್ಲಿ ನಾವು ಒಂದಿಷ್ಟು ತಡೆದು ನಿಲ್ಲಬೇಕಾಗಿದೆ. ಸೈನಿಕನು ಇಲ್ಲದ ಕೈ ನೋಯುತ್ತಿದೆಯೆಂದಾಗ ನಂಬಿದ ವೈದ್ಯನು, ಇರುವ ಹೆಂಗಸು ಇರುವ ಮನಸ್ಸು ನೋಯುತ್ತಿದೆಯೆಂದಾಗ ಆಕೆಯ ಮಾತನ್ನು ಪೂರ್ತಿಯಾಗಿ ಕೇಳಲಿಲ್ಲ. ಟರ್ನರ್ಸ್ ಲೇನಿನಲ್ಲಿ ಆತ ರೋಗಿಯ ಮಾತನ್ನು ಬರೆದುಕೊಳ್ಳುವ ವಿದ್ಯಾರ್ಥಿ; ಕೀರ್ತಿ ಏರಿದ ಮೇಲೆ ಆಜ್ಞೆ ಕೊಡುವ ಒಡೆಯ. ಪ್ರಯೋಗ ಮುಗಿಯುವ ಮುನ್ನ ಊಹಿಸಬೇಡವೆಂದು ಪ್ಯಾರಿಸಿನ ಗುರು ಹೇಳಿಕೊಟ್ಟ ಪಾಠವನ್ನು ಹಾವಿನ ವಿಷದಲ್ಲಿ ಪಾಲಿಸಿದವನು ಹೆಣ್ಣಿನ ದುಃಖದಲ್ಲಿ ಪಾಲಿಸಲಿಲ್ಲ. ಆತನ ಕಾಲವೇ ಹಾಗಿತ್ತೆಂದು ಸಮಾಧಾನ ಹೇಳಬಹುದು. ಆದರೆ ಕಾಲವನ್ನು ಮೀರಿ ಒಂದು ಕಡೆ ನಡೆದು ತೋರಿಸಿದವನನ್ನು ಇನ್ನೊಂದು ಕಡೆ ಏಕೆ ನಡೆಯಲಿಲ್ಲವೆಂದು ಕೇಳುವುದು ತಪ್ಪಾಗದು.

ಸಾಹಿತ್ಯದಲ್ಲಿಯೂ ಆತನಿಗೆ ಯಶಸ್ಸು ಬಂದಿತು, ಅದೂ ಇಳಿವಯಸ್ಸಿನಲ್ಲಿ. ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಹಿನ್ನೆಲೆಯಾಗುಳ್ಳ ಹ್ಯೂ ವಿನ್ ಎಂಬ ಕಾದಂಬರಿ 1897ರಲ್ಲಿ ಪುಸ್ತಕವಾಗಿ ಬಂದು ಮನೆಮನೆಯ ಮಾತಾಯಿತು. ಆಗ ಆತನಿಗೆ ಅರವತ್ತೆಂಟು ವರ್ಷ. ಕವನಗಳೂ ಹಲವಿವೆ, ಅವು ಈಗ ಹೆಚ್ಚು ಓದಿಗೆ ಬರುತ್ತಿಲ್ಲ. ಕವಿ ವಾಲ್ಟ್ ವ್ಹಿಟ್ಮನ್ 1878ರಲ್ಲಿ ಚಿಕಿತ್ಸೆಗಾಗಿ ಆತನ ಬಳಿಗೆ ಬಂದಿದ್ದನು. ಬಡತನದಲ್ಲಿದ್ದ ಆ ಕವಿಗೆ ಮಿಚೆಲ್ ಹಣದ ನೆರವನ್ನೂ ನೀಡಿದನು. 1898ರಲ್ಲಿ ಮತ್ತೆ ಗಂಟಲಮಾರಿ ಮನೆಗೆ ಬಂದಿತು. ಎರಡನೆಯ ಮದುವೆಯ ಏಕೈಕ ಮಗಳು ಮರಾಯಾ ಇಪ್ಪತ್ತೆರಡರ ಹರೆಯದಲ್ಲಿ ತೀರಿಕೊಂಡಳು. ಹೆಂಡತಿಯನ್ನು ಒಯ್ದ ರೋಗವೇ ಮಗಳನ್ನೂ ಒಯ್ದಿತು. ಇಲ್ಲದವರು ಇದ್ದಂತೆಯೇ ನೋಯುವುದೆಂದರೇನೆಂದು ಆ ಮುದುಕನಿಗೆ ಹೊಸದಾಗಿ ಯಾರೂ ಹೇಳಬೇಕಾಗಿರಲಿಲ್ಲ.

ಹಿರಿಯ ಮಗ ಜಾನ್ ತಂದೆಯ ಕೆಲಸವನ್ನು ಮುಂದುವರಿಸಿದನು. ಯುದ್ಧಕಾಲದ ಆ ರೋಗಿಗಳು ಮೂವತ್ತು ವರ್ಷಗಳ ಬಳಿಕ ಹೇಗಿದ್ದಾರೆಂದು ವಿಚಾರಿಸಿ 1895ರಲ್ಲಿ ಪುಸ್ತಕವನ್ನು ಬರೆದನು. ಅವರಲ್ಲಿ ಎಷ್ಟೋ ಮಂದಿಯ ನೋವು ಇನ್ನೂ ಆರಿರಲಿಲ್ಲ. ಕಿರಿಯ ಮಗ ಲ್ಯಾಂಗ್ಡನ್ ನಾಟಕಕಾರನಾದನು. ತಂದೆಯ ಎರಡು ಕೈಗಳನ್ನು ಇಬ್ಬರು ಮಕ್ಕಳು ಹಂಚಿಕೊಂಡಂತಾಯಿತು. 1914ರ ಜನವರಿ 4ರಂದು, ತನ್ನ ಹುಟ್ಟೂರಾದ ಫಿಲಡೆಲ್ಫಿಯಾದಲ್ಲಿಯೇ, ಎಂಬತ್ತನಾಲ್ಕರ ವಯಸ್ಸಿನಲ್ಲಿ ಮಿಚೆಲ್ ಕಣ್ಮುಚ್ಚಿದನು.

*

ಆತ ಇಟ್ಟ ಹೆಸರು ಉಳಿಯಿತು. ಆತ ಬಿಟ್ಟ ಪ್ರಶ್ನೆಯೂ ಉಳಿಯಿತು. ಕತ್ತರಿಸಿದ ನರಗಳ ತುದಿಯಲ್ಲಿ ಏಳುವ ಕೆರಳಿಕೆಯೇ ಈ ಮಾಯೆಗೆ ಮುಖ್ಯ ಕಾರಣವೆಂದು ಮಿಚೆಲ್ ಭಾವಿಸಿದ್ದನು. ಇಪ್ಪತ್ತನೆಯ ಶತಮಾನದ ವಿಜ್ಞಾನವು ಅದರ ಜೊತೆಗೆ ಮೆದುಳಿನ ಕಡೆಗೂ ಬೆರಳು ತೋರಿಸಿತು. ಕೆನಡಾದ ಶಸ್ತ್ರವೈದ್ಯ ಪೆನ್‌ಫೀಲ್ಡ್ 1930ರ ದಶಕದಲ್ಲಿ ಮೆದುಳಿನ ಹೊರಪದರದ ಮೇಲೆ ಶರೀರದ ಒಂದು ಭೂಪಟವೇ ಇರುವುದನ್ನು ವಿದ್ಯುತ್ತಿನಿಂದ ಮುಟ್ಟಿ ತೋರಿಸಿದನು. ಅಲ್ಲಿ ಕೈಗೆ ಒಂದು ಜಾಗ, ಮುಖಕ್ಕೆ ಪಕ್ಕದ ಜಾಗ. ಕೈ ಹೋದರೂ ಭೂಪಟದಲ್ಲಿ ಕೈಯ ಹೊಲ ಇದ್ದೇ ಇರುತ್ತದೆ; ಬೀಳು ಬಿದ್ದ ಆ ಹೊಲಕ್ಕೆ ನೆರೆಯವರು ಬದು ಒತ್ತುವುದೂ ಉಂಟು. ತಮಿಳುನಾಡಿನಲ್ಲಿ ಹುಟ್ಟಿದ ವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ, ಕೈ ಕಳೆದುಕೊಂಡವರ ಕೆನ್ನೆಯನ್ನು ಮುಟ್ಟಿದರೆ ಕೆಲವರಿಗೆ ಇಲ್ಲದ ಬೆರಳುಗಳನ್ನು ಮುಟ್ಟಿದಂತಾಗುವುದನ್ನು ತೋರಿಸಿದರು. ಇದ್ದ ಕೈಯನ್ನು ಕನ್ನಡಿಯ ಮುಂದಿಟ್ಟು, ಅದರ ಬಿಂಬವನ್ನು ಇಲ್ಲದ ಕೈಯ ಸ್ಥಾನದಲ್ಲಿ ಕಾಣುವಂತೆ ಮಾಡಿ, ಬಿಗಿದ ಮುಷ್ಟಿಯನ್ನು ಬಿಚ್ಚಿಸುವ ಉಪಾಯವೂ ಅವರದೇ. ಅದು ಕೆಲವರಿಗೆ ಫಲಿಸಿತು, ಎಲ್ಲರಿಗೂ ಫಲಿಸಲಿಲ್ಲ.

ಮಿಚೆಲ್ಲನ ವಿದ್ಯುತ್ತು ಕೂಡ ಹೊಸ ರೂಪದಲ್ಲಿ ಮರಳಿದೆ. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ತಲೆಗೆ ಕಟ್ಟಿ, ಹೋದ ಅಂಗಕ್ಕೆ ಎದುರು ಪಕ್ಕದ ಮೆದುಳಿನ ಭಾಗದ ಮೇಲೆ ಒಂದೆರಡು ಮಿಲಿಆಂಪಿಯರಿನಷ್ಟು ಅಲ್ಪವಾದ ವಿದ್ಯುತ್ತನ್ನು ಇಪ್ಪತ್ತು ನಿಮಿಷಗಳ ಹೊತ್ತು ಹಾಯಿಸುವುದು ಈ ಚಿಕಿತ್ಸೆ. ತಲೆಬುರುಡೆಯನ್ನು ತೆರೆಯಬೇಕಾಗಿಲ್ಲ, ರೋಗಿ ಎಚ್ಚರವಾಗಿಯೇ ಇರುತ್ತಾನೆ, ಸ್ವಲ್ಪ ನವೆ, ಚುರುಗುಟ್ಟುವಿಕೆ ಇಷ್ಟೇ ಸಾಮಾನ್ಯವಾಗಿ ತೋರುವ ಕಷ್ಟ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದೇ ವಿಧಾನವನ್ನು ಮನೋರೋಗಗಳಲ್ಲಿ, ಅದರಲ್ಲಿಯೂ ಇಲ್ಲದ ಧ್ವನಿಗಳು ಕೇಳಿಬರುವ ರೋಗಿಗಳಲ್ಲಿ, ಬಳಸಿ ಸಂಶೋಧನೆ ನಡೆಸಿದ್ದಾರೆ. ಭೂತಾಂಗದ ನೋವಿನಲ್ಲಿ ಬೇರೆ ದೇಶಗಳ ವೈದ್ಯರು ಇದನ್ನು ಪರೀಕ್ಷಿಸಿದಾಗ ಕೆಲವರ ನೋವು ಕೆಲಕಾಲ ಇಳಿದುದು ಕಂಡುಬಂದಿದೆ. ಒಂದು ಸಲದ ಚಿಕಿತ್ಸೆಯ ಫಲ ಬೇಗ ಆರಿಹೋಗುವುದರಿಂದ ದಿನದಿನವೂ ಮಾಡಬೇಕಾಗುತ್ತದೆ. ಒಂಟಿಗಾಲಿನವನು ದಿನಾಲೂ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗುವುದು ಎಲ್ಲಿಯ ಮಾತು? ಆದುದರಿಂದಲೇ, ಮನೆಯವರಿಗೆ ಕಲಿಸಿಕೊಟ್ಟು, ವೈದ್ಯರು ದೂರದಿಂದ ಪರದೆಯ ಮೇಲೆ ನೋಡುತ್ತ, ಮನೆಯಲ್ಲಿಯೇ ಇದನ್ನು ನಡೆಸುವ ಯತ್ನಗಳು ಆರಂಭವಾಗಿವೆ. ಇದಿನ್ನೂ ಪೂರ್ತಿಯಾಗಿ ಸ್ಥಾಪಿತವಾದ ಚಿಕಿತ್ಸೆಯಲ್ಲ. ಮೂರ್ಛೆರೋಗವಿದ್ದವರೂ ತಲೆಯೊಳಗೆ ಲೋಹವನ್ನು ಹಾಕಿಸಿಕೊಂಡವರೂ ವಿಶೇಷ ಎಚ್ಚರದಿಂದಿರಬೇಕು. ವೈದ್ಯರ ಅಪ್ಪಣೆಯಿಲ್ಲದೆ ಬ್ಯಾಟರಿ ತಂತಿಗಳನ್ನು ತಲೆಗೆ ಕಟ್ಟಿಕೊಳ್ಳುವುದಂತೂ ಯಾರಿಗೂ ಸಲ್ಲದು.

ಈ ಸಂಗತಿಗಳನ್ನೆಲ್ಲ ಕೊಣ್ಣೂರಿಗೆ ಹೋದಾಗ ಕಾಕಾ ಅವರಿಗೆ ಹೇಳಿದೆನು. ದೂರದ ದೇಶದಲ್ಲಿ, ಅವರ ಮುತ್ತಜ್ಜನ ಕಾಲದಲ್ಲಿ, ಇಲ್ಲದ ಮುಷ್ಟಿಯನ್ನು ಬಿಗಿದು ಉಗುರುಗಳ ನೋವನ್ನು ತಿಂದವರು ನೂರಾರು ಮಂದಿ ಇದ್ದರೆಂದೂ, ಒಬ್ಬ ವೈದ್ಯನು ಅವರ ಮಾತನ್ನು ನಂಬಿ ಬರೆದಿಟ್ಟನೆಂದೂ ತಿಳಿಸಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಆ ಸೈನಿಕರಿಗೂ ಮಳೆಯ ಮುನ್ನ ಉರಿಯುತ್ತಿತ್ತೇ ಎಂದು ಕೇಳಿದರು. ಹೌದೆಂದೆನು. ಮಗ್ಗುಲಲ್ಲಿ ಕುಳಿತಿದ್ದ ಕಾಕೂ ಸೆರಗಿನಿಂದ ಕಣ್ಣೊರಸಿಕೊಂಡರು. ಮರುದಿನ ಮನೆಯ ಕಪಾಟಿನ ಕನ್ನಡಿಯನ್ನು ಬಿಚ್ಚಿ ಅವರ ಎದೆಯ ಮುಂದೆ ನಿಲ್ಲಿಸಿದೆವು. ಎಡಗೈ ಬಿಚ್ಚಿದಾಗ ಬಿಂಬದ ಬಲಗೈಯೂ ಬಿಚ್ಚಿತು. ಒಳಗಿನ ಮುಷ್ಟಿ ತುಸು ಸಡಿಲಾಯಿತೆಂದು ಹೇಳಿದರು. ರಾತ್ರಿ ಮತ್ತೆ ಬಿಗಿಯಿತೆಂದೂ ಹೇಳಿದರು. ದೊಡ್ಡ ಆಸ್ಪತ್ರೆಯ ನರರೋಗ ವೈದ್ಯರಿಗೆ ತೋರಿಸುವುದೆಂದು ಮನೆಯವರೆಲ್ಲ ಈಗ ನಿಶ್ಚಯಿಸಿದ್ದಾರೆ. ಇದುವರೆಗೆ ಯಾರೂ ಆ ಮಾತನ್ನೆತ್ತಿರಲಿಲ್ಲ.

ಕೈದಾಳದಲ್ಲಿ ಕೇಶವನು ಜಕಣನಿಗೆ ಕೈಯನ್ನು ಮರಳಿಸಿದನು. ನಮ್ಮ ಕಾಲದಲ್ಲಿ ಹಾಗೆ ಕೈ ಮರಳದು. ಆದರೆ ಕಾಕಾ ಈಗ ಆ ಕೈಯ ಮಾತನ್ನು ಮತ್ತೆ ಆಡುತ್ತಾರೆ. ಓಣಿಯ ಹುಡುಗರು ಹಾಯುವಾಗ ಇಂದು ಕೈ ಹೇಗಿದೆಯೆಂದು ಕೇಳಿ ಹೋಗುತ್ತಾರೆ.